ಪದಚರ್ಚೆ: ಮುಚ್ಚಿದ ವಿದ್ಯುತ್ ಸ್ಥಾವರದ ನೀರು – ಡಿಸ್‌ಚಾರ್ಜ್, ಸೀಪೇಜ್, ಔಟ್‌ಫಾಲ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:

ಮುಚ್ಚಿದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ತ್ಯಾಜ್ಯನೀರಿನ ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂದು ನೋಡುವ ತಪಾಸಕರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಡಿಸ್‌ಚಾರ್ಜ್, ಸೀಪೇಜ್, ಲೀಕ್, ಓವರ್‌ಫ್ಲೋ ನಾಲ್ಕಕ್ಕೂ ‘ವಿಸರ್ಜನೆ’ ಎಂದೇ ಹಾಕಿದ್ದಾರೆ. ಔಟ್‌ಫಾಲ್ ‘ಹೊರಹರಿವು’ ಆಗಿದೆ. ಬೂದಿಹೊಂಡದ (ಕಲ್ಲಿದ್ದಲಿನ ಬೂದಿಯನ್ನು ನೀರಿನೊಡನೆ ತುಂಬಿಡುವ ಹೊಂಡ) ಡಿಕ್ಯಾಂಟ್ ಟವರ್, ಅಂದರೆ ಮೇಲಿನ ತಿಳಿನೀರನ್ನು ಹೊರಬಿಡುವ ಗೋಪುರ, ‘ನಿಸ್ಯಂದನ ಗೋಪುರ’ವಾಗಿದೆ. ಪ್ರಯೋಗಾಲಯದ ‘ನಾಟ್ ಡಿಟೆಕ್ಟೆಡ್’ಗೂ, ಆ ತಿಂಗಳು ನೀರೇ ಹರಿಯಲಿಲ್ಲ ಎನ್ನುವುದಕ್ಕೂ ಒಂದೇ ಪದ, ‘ಶೂನ್ಯ’. ಕೆಲಸಗಾರರ ಬಾಯಲ್ಲಿ ನಿಲ್ಲುವ, ಕಡತದಲ್ಲೂ ಅರ್ಥ ಕೆಡದ ಪದಗಳು ಬೇಕು. ಗ್ರ್ಯಾಬ್, ಕಾಂಪೊಸಿಟ್ ಸ್ಯಾಂಪಲ್‌ಗಳಿಗೂ ಸೂಚಿಸಿ.

ಉತ್ತರ:

ಮೊದಲು ‘ವಿಸರ್ಜನೆ’ಯನ್ನು ಕೈಬಿಡಿ. ಅದು ಬೇಕೆಂದೇ ಮಾಡುವ ಕ್ರಿಯೆ. ನೀರನ್ನು ಬಿಟ್ಟರೋ, ಅದು ತಾನಾಗಿ ಹೋಯಿತೋ ಎಂಬುದನ್ನೇ ತಪಾಸಕರು ಪತ್ತೆಮಾಡಬೇಕಿರುವಾಗ, ಉತ್ತರವನ್ನು ಪದವೇ ಮೊದಲು ಹೇಳಿಬಿಡಬಾರದು. ಈ ಭೇದ ಹೇಳಲು ನಮ್ಮಲ್ಲಿ ಕ್ರಿಯಾಪದಗಳಿಗೆ ಬರವಿಲ್ಲ. ಪರವಾನಗಿಯಲ್ಲಿ ಗುರುತಿಸಿದ ಜಾಗದಿಂದ ಹೋಗುವುದು ‘ಹೊರಬಿಡುವ ನೀರು’. ಏರಿಯ ಮಣ್ಣಿನೊಳಗಿಂದ ಬುಡದಲ್ಲಿ ಬರುವುದು ‘ಒಸರು’. ಪೈಪು, ವಾಲ್ವು, ಟ್ಯಾಂಕಿನ ಬಿರುಕಿನಿಂದ ಬರುವುದು ‘ಸೋರಿಕೆ’. ಮಟ್ಟ ಮೀರಿ ಹೋದರೆ ‘ಕೋಡಿ ಹರಿದದ್ದು’. ಏರಿಯೋ ಕೊಳವೆಯೋ ಒಡೆದು ಹೋದರೆ ಅದು ಇವು ಯಾವುದೂ ಅಲ್ಲ, ‘ಒಡಕು’.

ಬೂದಿಹೊಂಡದ ಭಾಗಗಳಿಗೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ರಚನೆಯಲ್ಲಿ ಅದು ಕೆರೆಯೇ. ಸುತ್ತಲಿನ ಕಟ್ಟೆ ಏರಿ, ಡಿಕ್ಯಾಂಟ್ ಟವರ್ ತೂಬು, ಸ್ಪಿಲ್‌ವೇ ಕೋಡಿ, ಬುಡದ ಟೋ ಡ್ರೇನ್ ಬಸಿಗಾಲುವೆ. ಬೂದಿಯ ಮಟ್ಟ ಏರಿದಂತೆ ತೂಬಿನ ಬಾಯಿಗೆ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಡುತ್ತಾರೆ, ಮೇಲಿನ ತಿಳಿನೀರು ಮಾತ್ರ ಹೋಗಲೆಂದು. ಹೊಂಡ ಬರಿದು ಮಾಡುವಾಗ ಒಂದೇ ಸಲ ಎರಡು ಮೂರು ಹಲಗೆ ತೆಗೆದರೆ ವೇಗ ಹೆಚ್ಚಿ ತಳಕ್ಕೆ ಕೂತ ನುಣ್ಣನೆಯ ಬೂದಿ ಎದ್ದು ಬರುತ್ತದೆ, ತೇಲುಘನಗಳ (ನೀರಿನಲ್ಲಿ ಕರಗದೆ ತೇಲುವ ಕಣಗಳ) ಮಿತಿ ಅಲ್ಲಿಯೇ ಮೀರುತ್ತದೆ. ‘ತೂಬಿನ ಹಲಗೆ ಎಷ್ಟು ತೆಗೆದಿದ್ದಾರೆ ನೋಡಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ‘ನಿಸ್ಯಂದನ ಗೋಪುರ’ ಎಂದರೆ ಸೋಸುವ ಯಂತ್ರವನ್ನು ಹುಡುಕುತ್ತಾರೆ.

ಔಟ್‌ಫಾಲ್ ಎಂದರೆ ಜಾಗ, ಹರಿವಲ್ಲ. ‘ಹೊರಬಾಯಿ’ ಎನ್ನಿ: ಹೊರಬಾಯಿ 001, ಹೊರಬಾಯಿ 002. ಮುಚ್ಚಿದ ಸ್ಥಾವರದಲ್ಲಿ ಈ ಪಟ್ಟಿಯನ್ನು ಕಡತದಿಂದ ನಕಲು ಮಾಡಿದರೆ ಸಾಲದು. ಕಂಡೆನ್ಸರ್ (ಉಗಿಯನ್ನು ಮತ್ತೆ ನೀರಾಗಿಸುವ ಸಾಧನ) ತಂಪಾಗಿಸುವ ನೀರಿನ ಹರಿವು ನಿಂತುಹೋಗಿರುತ್ತದೆ. ಬೂದಿನೀರು ಮೊದಲು ಅದರೊಡನೆ ಬೆರೆತು ತೆಳುವಾಗುತ್ತಿದ್ದರೆ, ಈಗ ಆ ತೆಳುವಾಗುವಿಕೆ ಇಲ್ಲ. ಉಳಿಯುವುದು ಕಲ್ಲಿದ್ದಲು ಅಂಗಳದ ಮಳೆನೀರು (ಕಲ್ಲಿದ್ದಲಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಆಮ್ಲಜನಕದೊಡನೆ ವರ್ತಿಸಿ ಅದು ಆಮ್ಲೀಯವಾಗುತ್ತದೆ, ಕಬ್ಬಿಣ, ಮ್ಯಾಂಗನೀಸ್ ಹೊತ್ತು ಬರುತ್ತದೆ), ನೆಲಮಾಳಿಗೆಯ ಸಂಪುಗಳ ನೀರು, ಹಳೇ ಟ್ರಾನ್ಸ್‌ಫಾರ್ಮರ್ ಅಂಗಳದ ಎಣ್ಣೆನೀರು, ಬೂದಿಹೊಂಡ ಬರಿದು ಮಾಡುವ ನೀರು. ಪಂಪು ನಿಂತ ಸಂಪು ತುಂಬಿ ಯಾವ ಮೋರಿಗೆ ಹೋಗುತ್ತದೆ ಎಂಬುದನ್ನು ನೀರಿಗೆ ಬಣ್ಣ ಬೆರೆಸಿ, ಅದು ಎಲ್ಲಿ ಹೊರಬರುತ್ತದೆಂದು ನೋಡದೆ ನಂಬಬಾರದು.

ಹೊಂಡದ ನೀರಿಗೆ ಎರಡು ಹೆಸರು ಬೇಕೇ ಬೇಕು: ‘ಮೇಲ್ನೀರು’ ಮತ್ತು ‘ಬಸಿನೀರು’. ಮೇಲೆ ನಿಂತಿರುವುದು ಮೇಲ್ನೀರು. ಬೂದಿಯ ಕಣಗಳ ನಡುವೆ ಸಿಕ್ಕಿಕೊಂಡು ವರ್ಷಗಟ್ಟಲೆ ಕೂತದ್ದು ಬಸಿನೀರು. ಆರ್ಸೆನಿಕ್, ಸೆಲೆನಿಯಂ, ಬೋರಾನ್ ಸಾಮಾನ್ಯವಾಗಿ ಇದರಲ್ಲೇ ಹೆಚ್ಚು. ಮೇಲ್ನೀರು ಮುಗಿದು ಬಸಿನೀರು ಶುರುವಾಗುವ ದಿನಗಳಲ್ಲಿ ತಿಂಗಳಿಗೊಮ್ಮೆ ಮಾದರಿ ತೆಗೆದರೆ ಏನೂ ತಿಳಿಯದು. ಶುದ್ಧೀಕರಣವೂ ಬದಲಾಗಬೇಕು. ಫೆರಿಕ್ ಕ್ಲೋರೈಡ್ ಹಾಕಿ ಕಬ್ಬಿಣದ ಜೊತೆ ಕೂರಿಸುವ ವಿಧಾನ ನೀರಿನಲ್ಲಿ ಸೆಲೆನಿಯಂ ಇರುವ ಎರಡು ರೂಪಗಳಲ್ಲಿ ಸೆಲೆನೈಟನ್ನು ಹಿಡಿಯುತ್ತದೆ, ಸೆಲೆನೇಟನ್ನು ಬಹುಪಾಲು ಬಿಟ್ಟುಬಿಡುತ್ತದೆ. ಮೂರು ವೇಲೆನ್ಸಿಯ ಆರ್ಸೆನಿಕನ್ನು ಮೊದಲು ಉತ್ಕರ್ಷಿಸದಿದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಕೈಪಿಡಿಯಲ್ಲಿ ‘ಹೊಂಡದ ನೀರು’ ಎಂದು ಒಟ್ಟಾಗಿ ಬರೆದರೆ ಈ ತಿರುವು ಕಾಣುವುದೇ ಇಲ್ಲ.

ಒಸರಿಗೆ ವಿಶೇಷಣಗಳು ಕಡ್ಡಾಯವಾಗಲಿ: ‘ತಿಳಿ ಒಸರು’, ‘ಕದಡು ಒಸರು’. ಕದಡಿದ್ದರೆ ಏರಿಯ ಒಳಗಿನ ಮಣ್ಣೋ ಬೂದಿಯೋ ಕೊಚ್ಚಿಬರುತ್ತಿರಬಹುದು. ಅದು ನೀರಿನ ಗುಣಮಟ್ಟದ ಪ್ರಶ್ನೆಯಾಗುವ ಮೊದಲೇ ಏರಿಯ ಸುರಕ್ಷತೆಯ ಪ್ರಶ್ನೆ, ಅಂದೇ ತಿಳಿಸಬೇಕು. ಕಿತ್ತಳೆ ಬಣ್ಣದ ಕೆಸರು ಕಂಡರೆ ಕರಗಿದ ಕಬ್ಬಿಣ ಗಾಳಿಗೆ ಬಂದು ತುಕ್ಕಾಗಿದೆ ಎಂದರ್ಥ, ಅಷ್ಟರಿಂದಲೇ ಅದು ಬೂದಿನೀರು ಎನ್ನಲಾಗದು. ಬೋರಾನ್ ಮತ್ತು ಸಲ್ಫೇಟ್ ಪರೀಕ್ಷೆ ಮಾಡಿಸಬೇಕು. ಬೋರಾನ್ ಮಣ್ಣಿಗೆ ಹೆಚ್ಚು ಅಂಟದೆ ನೀರಿನ ಜೊತೆಗೇ ಸಾಗುವುದರಿಂದ ಮೊದಲು ತಲುಪುವ ಗುರುತು ಅದೇ.

‘ಒಡಕು’ ಬೇರೆ ಪದವಾಗಿರಬೇಕು ಎನ್ನಲು ಡ್ಯಾನ್ ನದಿಯ ಘಟನೆ ಸಾಕು. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 2012ರಲ್ಲಿ ಕಲ್ಲಿದ್ದಲು ಘಟಕಗಳನ್ನು ನಿಲ್ಲಿಸಿದ್ದ ಸ್ಥಾವರ ಅದು. 2014ರ ಫೆಬ್ರವರಿ 2ರಂದು ಬೂದಿಹೊಂಡದ ಅಡಿಯಲ್ಲಿ ಹಾದುಹೋಗಿದ್ದ 48 ಅಂಗುಲದ ಮಳೆನೀರಿನ ಕೊಳವೆ ಕುಸಿದು, ಸುಮಾರು 39,000 ಟನ್‌ವರೆಗೆ ಬೂದಿ ನದಿ ಸೇರಿತು ಎಂದು ಅಂದಾಜು. ಬೂದಿ ಹೋದದ್ದು ಬೂದಿನೀರಿನ ಹೊರಬಾಯಿಂದಲ್ಲ, ಮಳೆನೀರಿನದರಿಂದ. ಹೊಂಡದ ಕೆಳಗೆ ಹಾದುಹೋಗುವ ಪ್ರತಿ ಕೊಳವೆಯೂ ಹೊರಬಾಯಿಗಳ ಪಟ್ಟಿಯಲ್ಲಿ ಇರಬೇಕು, ಒಳಗೆ ಕ್ಯಾಮೆರಾ ಇಳಿಸಿ ನೋಡಿರಬೇಕು.

ಒಂದೇ ಸಲಕ್ಕೆ ತೆಗೆಯುವ ಗ್ರ್ಯಾಬ್ ‘ಬಿಡಿ ಮಾದರಿ’, ಬೇರೆಬೇರೆ ಹೊತ್ತಿಗೆ ತೆಗೆದು ಒಟ್ಟುಗೂಡಿಸುವ ಕಾಂಪೊಸಿಟ್ ‘ಕೂಡು ಮಾದರಿ’. 24 ಗಂಟೆಯ ಕೂಡು ಮಾದರಿಯಿಂದ ಪಿಎಚ್, ಎಣ್ಣೆ-ಜಿಡ್ಡು, ಉಳಿದ ಕ್ಲೋರಿನ್ ನೋಡುವಂತಿಲ್ಲ. ಪಿಎಚ್ ಅನ್ನು 15 ನಿಮಿಷದೊಳಗೆ ಸ್ಥಳದಲ್ಲೇ ಅಳೆಯಬೇಕು. ಎಣ್ಣೆಗೆ ಗಾಜಿನ ಬಾಟಲಿಯೇ ಆಗಬೇಕು, ಇನ್ನೊಂದು ಪಾತ್ರೆಯಲ್ಲಿ ಹಿಡಿದು ಸುರಿದರೆ ಜಿಡ್ಡು ಪಾತ್ರೆಗೇ ಅಂಟಿಕೊಳ್ಳುತ್ತದೆ. ಇನ್ನು ‘ಒಟ್ಟು’ ಮತ್ತು ‘ಕರಗಿದ’ ಲೋಹಗಳ ವಿಷಯದಲ್ಲಿ ಕೈಪಿಡಿ ಕ್ರಮವನ್ನೇ ಬರೆಯಬೇಕು: ಕರಗಿದ ಲೋಹಕ್ಕೆ ಮೊದಲು 0.45 ಮೈಕ್ರಾನ್ ಸೋಸುವಿಕೆ, ಆಮೇಲೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ. ತಿರುಗುಮುರುಗಾದರೆ ಬೂದಿಕಣದ ಲೋಹವೂ ಕರಗಿ ಲೆಕ್ಕಕ್ಕೆ ಬರುತ್ತದೆ.

‘ಶೂನ್ಯ’ವನ್ನು ಮೂರಾಗಿ ಒಡೆಯಿರಿ. ನೀರು ಹರಿಯದಿದ್ದರೆ ‘ಹರಿವಿಲ್ಲ’. ಹರಿದಿದೆ, ಮಾದರಿ ತೆಗೆದಿಲ್ಲ ಎಂದರೆ ‘ಅಳೆದಿಲ್ಲ’. ಅದು ಸ್ವತಃ ಷರತ್ತಿನ ಉಲ್ಲಂಘನೆಯಾಗಬಹುದು. ಪರೀಕ್ಷೆಯಲ್ಲಿ ಕಾಣದಿದ್ದರೆ ‘ಪತ್ತೆಮಿತಿಗಿಂತ ಕಡಿಮೆ’, ಪಕ್ಕದಲ್ಲಿ ಆ ಮಿತಿಯ ಅಂಕಿ. ಪರವಾನಗಿಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಇದ್ದು, ಪ್ರಯೋಗಾಲಯ 20ಕ್ಕಿಂತ ಕೆಳಗೆ ಅಳೆಯಲಾರದಿದ್ದರೆ ಅದರ ‘ಕಂಡಿಲ್ಲ’ ಪಾಲನೆಗೆ ಪುರಾವೆಯಲ್ಲ. ‘ಶೂನ್ಯ’ ಎಂದು ಬರೆದ ಕ್ಷಣವೇ ಈ ಲೋಪ ಕಣ್ಮರೆಯಾಗುತ್ತದೆ.

ಇನ್ನೊಂದು ಉತ್ತರ:

ಮೇಲಿನ ಪದಗಳು ಒಪ್ಪಿಗೆ, ‘ಒಸರು’ ಕೂಡ. ಆದರೆ ಕಾನೂನು ಭಾಗದಲ್ಲಿ ‘ಒಸರು ಹೊರಬಿಡುವ ನೀರಲ್ಲ’ ಎಂಬ ಅರ್ಥ ಬಾರದಂತೆ ನೋಡಿ. 2020ರಲ್ಲಿ ಮಾವಿ ಕೌಂಟಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಂತರ್ಜಲದ ಮೂಲಕ ಹೋದದ್ದೂ ನೇರವಾಗಿ ಬಿಟ್ಟದ್ದಕ್ಕೆ ಪರಿಣಾಮದಲ್ಲಿ ಸಮಾನವಾಗಿದ್ದರೆ ಪರವಾನಗಿ ಬೇಕು ಎಂದಿತು. ಸಾಗಿದ ದೂರ, ಹಿಡಿದ ಸಮಯ ಮುಖ್ಯ ಅಳತೆಗಳು. ಆದ್ದರಿಂದ ಒಸರು ಎಂಬುದು ಕಂಡದ್ದರ ಹೆಸರು, ತೀರ್ಪಲ್ಲ. ವರದಿಯಲ್ಲಿ ಅದರ ಪಕ್ಕ ನದಿಗೆ ಎಷ್ಟು ಮೀಟರ್ ಎಂದು ಬರೆಯಲಿ.

ಇನ್ನೊಂದು ಪದ ಬಿಟ್ಟುಹೋಗಿದೆ. ಹರಿವನ್ನು ಅಳೆಯಲು ಕಾಲುವೆಗೆ ಅಡ್ಡ ಇಡುವ, ‘V’ ಆಕಾರದ ಕಚ್ಚು (ನಾಚ್) ಇರುವ ವಿ-ನಾಚ್ ಅಡ್ಡಹಲಗೆಯ ‘ಹೆಡ್’. ಕರಡುಗಳಲ್ಲಿ ಇದು ‘ನೀರಿನ ಆಳ’ ಎಂದು ಬರುತ್ತದೆ, ತಪಾಸಕರು ಕೋಲನ್ನು ತಳಕ್ಕೆ ಊರುತ್ತಾರೆ. ಬೇಕಾದ್ದು ನಾಚಿನ ಕೆಳತುದಿಯಿಂದ ಮೇಲಿನ ನೀರಿನ ಎತ್ತರ, ‘ನಾಚೆತ್ತರ’ ಎನ್ನಬಹುದು. ಅದನ್ನೂ ನಾಚಿನ ಬಾಯಲ್ಲೇ ಅಳೆಯಬಾರದು. ಅಲ್ಲಿ ನೀರು ಬಾಗಿ ಇಳಿದಿರುತ್ತದೆ. ಆ ಎತ್ತರದ ಕನಿಷ್ಠ ನಾಲ್ಕು ಪಟ್ಟು ಹಿಂದೆ ನಿಂತು ಅಳೆಯಬೇಕು. 90 ಡಿಗ್ರಿ ನಾಚಿನಲ್ಲಿ 10 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, 9 ಎಂದು ಓದಿದರೆ ಲೆಕ್ಕ 3.4ಕ್ಕೆ ಇಳಿಯುತ್ತದೆ. ದಿನಕ್ಕೆ ಎಷ್ಟು ಕಿಲೋ ಲೋಹ ನದಿಗೆ ಹೋಯಿತೆಂಬ ಲೆಕ್ಕವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಬರುತ್ತದೆ. ಹಿಂದೆ ಬೂದಿ ತುಂಬಿದ್ದರೆ, ಅಥವಾ ಕೆಳಗಿನ ನೀರು ನಾಚಿನ ಮಟ್ಟಕ್ಕೇರಿದ್ದರೆ ಆ ಅಳತೆಯನ್ನು ದಾಖಲಿಸದೆ ‘ಅಳೆದಿಲ್ಲ’ ಎಂದೇ ಬರೆದು ಕಾರಣ ಕೊಡಲಿ.