ಕುಜುನೋಹಾ ನರಿಯೋ, ತಾಯಿಯೋ?

ಮರದಚ್ಚು: ಜಪಾನಿನ ಕಲಾವಿದ ಯೋಶಿತೋಶಿ 1890ರಲ್ಲಿ ಮಾಡಿದ ಒಂದು ಮರದಚ್ಚಿನ ಚಿತ್ರವಿದೆ. ಹೆಂಗಸೊಬ್ಬಳು ಶೋಜಿಯ, ಅಂದರೆ ಕಾಗದ ಹಚ್ಚಿದ ಜಾರುಬಾಗಿಲಿನ, ಆಚೆ ಸರಿಯುತ್ತಿದ್ದಾಳೆ. ಪುಟ್ಟ ಮಗು ಅವಳ ಕಿಮೋನೋ ಹಿಡಿದು ಜಗ್ಗುತ್ತಿದೆ. ಕಾಗದದ ಮೇಲೆ ಕಾಣುವ ನೆರಳು ಮಾತ್ರ ನರಿಯದು.

ಕಥೆ ಇಷ್ಟು. ಬೇಟೆಗಾರರಿಂದ ತಪ್ಪಿಸಿಕೊಂಡು ಬಂದ ಬಿಳಿ ನರಿಯನ್ನು ಅಬೆ ನೋ ಯಾಸುನಾ ಎಂಬವನು ಶಿನೋದಾ ಕಾಡಿನಲ್ಲಿ ಕಾಪಾಡುತ್ತಾನೆ, ತಾನು ಗಾಯಗೊಳ್ಳುತ್ತಾನೆ. ಕುಜುನೋಹಾ ಎಂಬ ಹೆಣ್ಣು ಬಂದು ಆರೈಕೆ ಮಾಡುತ್ತಾಳೆ. ಸಂಸಾರ ಹೂಡುತ್ತಾರೆ, ಮಗ ಹುಟ್ಟುತ್ತಾನೆ. ಅವಳೇ ಆ ನರಿ ಅಂತ ಗೊತ್ತಾದಾಗ ಮನೆ ಬಿಟ್ಟು ಹೋಗಬೇಕಾಗುತ್ತದೆ.

ಈ ಚಿತ್ರ ಹಂಚಿಕೊಳ್ಳುವವರೆಲ್ಲ ‘ನಿಜರೂಪ ಬಯಲಾದ ಕ್ಷಣ’ ಅಂತ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೆರಳೂ ನಿಜ, ಆ ಮಗು ಹಿಡಿದಿರುವ ಬಟ್ಟೆಯೂ ನಿಜ. ಅವಳು ಪೂರ್ತಿ ನರಿ, ಪೂರ್ತಿ ತಾಯಿ. ನಿಮಗೇನನ್ನಿಸುತ್ತದೆ?

ಘಟ್ಟದ ಕೆಳಗಿನವ: ಚಿತ್ರ ಚೆನ್ನಾಗಿದೆ, ಆದರೆ ನೀವು ಕಥೆಯ ಒಂದು ಭಾಗ ಬಿಟ್ಟಿರಿ. 1734ರ ಬೊಂಬೆಯಾಟದ ನಾಟಕದಲ್ಲಿ ಕುಜುನೋಹಾ ಅನ್ನುವ ನಿಜವಾದ ಹುಡುಗಿ ಬೇರೆ ಇದ್ದಾಳೆ. ಯಾಸುನಾಗೆ ಗೊತ್ತುಮಾಡಿದ್ದ ಹೆಣ್ಣು ಅವಳು. ನರಿ ತಳೆದದ್ದು ಅವಳ ರೂಪ, ಇಟ್ಟುಕೊಂಡದ್ದು ಅವಳ ಹೆಸರು. ಅಸಲಿ ಹುಡುಗಿ ಬಾಗಿಲಿಗೆ ಬಂದಾಗಲೇ ನರಿ ಹೊರಡುವುದು. ಇದನ್ನು ವೇಷ ಅನ್ನದೆ ಇನ್ನೇನು ಅನ್ನಬೇಕು? ಗಂಡನಿಗೆ ಗೊತ್ತೇ ಇರಲಿಲ್ಲ ಅಲ್ವಾ?

ಒಸಾಕಾದಿಂದ: ಅದೇ ನಾಟಕ ಕಬುಕಿಗೆ, ಅಂದರೆ ನಟರೇ ಆಡುವ ಜಪಾನಿ ರಂಗಭೂಮಿಗೆ, ಬಂದಾಗ ಏನಾಯಿತು ಅಂತ ಹೇಳುತ್ತೇನೆ, ಇಲ್ಲಿಗೆ ಬೇಕಾದ ವಿಷಯ. ಅಸಲಿ ಕುಜುನೋಹಾಳನ್ನೂ ನರಿ ಕುಜುನೋಹಾಳನ್ನೂ ಆಡುವವನು ಒಬ್ಬನೇ ನಟ. ಒಳಗೆ ಹೋಗುತ್ತಾನೆ, ಬಟ್ಟೆ ಬದಲಿಸಿ ತಕ್ಷಣ ಇನ್ನೊಬ್ಬಳಾಗಿ ಬರುತ್ತಾನೆ.

ಆಮೇಲೆ ಬೀಳ್ಕೊಡುಗೆಯ ದೃಶ್ಯ. ನರಿ ಕುಂಚ ಹಿಡಿದು ಶೋಜಿಯ ಮೇಲೆಯೇ ಪದ್ಯ ಬರೆಯುತ್ತದೆ: ನೆನಪಾದರೆ ಬಂದು ನೋಡು, ಇಜುಮಿಯ ಶಿನೋದಾ ಕಾಡಿಗೆ. ಮೊದಲು ಬಲಗೈಲಿ ಬರೆಯುತ್ತದೆ. ಮಗು ಅಳುತ್ತದೆ, ಎತ್ತಿಕೊಳ್ಳುತ್ತದೆ, ಕುಂಚ ಎಡಗೈಗೆ ಬರುತ್ತದೆ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳೂ ಇವೆ, ಅದು ನರಿತನದ ಗುರುತು. ಕೊನೆಗೆ ಎರಡೂ ಕೈಯಲ್ಲಿ ಮಗು, ಕುಂಚ ಬಾಯಲ್ಲಿ. ಬಾಯಲ್ಲಿ ಕಚ್ಚಿ ಬರೆಯುವುದು ಪ್ರಾಣಿಯ ರೀತಿ. ಆದರೆ ಹಾಗೆ ಬರೆಯಬೇಕಾಗಿ ಬಂದದ್ದು ಮಗುವನ್ನು ಕೆಳಗಿಡಲು ಮನಸ್ಸಾಗದೆ. ಮರದಚ್ಚು ಅವರು ಹೇಳಿದ ಮಾತು ಆ ಒಂದು ಭಂಗಿಯಲ್ಲೇ ಇದೆ.

ಸಂಜೆಮಲ್ಲಿಗೆ: ಇದು ಒಳ್ಳೆಯ ನರಿಯ ಕಥೆ. ಬೇರೆ ಕಡೆ ನೋಡಿದರೆ ನನಗೆ ಸಿಟ್ಟು ಬರುತ್ತದೆ. 12ನೇ ಶತಮಾನದ ಟೋಬಾ ಚಕ್ರವರ್ತಿ ಕಾಯಿಲೆ ಬಿದ್ದದ್ದಕ್ಕೆ ಕಾರಣ ತಮಾಮೋ ನೋ ಮಾಯೆ ಎಂಬ ಅಂತಃಪುರದ ಹೆಣ್ಣು, ಅವಳು ಒಂಬತ್ತು ಬಾಲದ ನರಿ ಅಂತಾರೆ. ಚೀನಾದಲ್ಲಿ ಶಾಂಗ್ ರಾಜವಂಶ ಮುಳುಗಿದ್ದಕ್ಕೆ ಕಾರಣ ದಾಜಿ, ಅವಳೂ ನರಿ. ಎಡೋ ಕಾಲಕ್ಕೆ (1603–1868) ಬರುವಾಗ ಇಬ್ಬರೂ ಒಂದೇ ನರಿ ಅಂತಾಯಿತು. ನಡುವೆ ಅದು ನಮ್ಮ ದೇಶಕ್ಕೂ ಬಂದು ಹನ್‌ಜೋಕು ಎಂಬ ರಾಜಕುಮಾರನನ್ನು ಕೆಡಿಸಿತಂತೆ. ಈ ಹನ್‌ಜೋಕು ಬೇರೆ ಯಾರೂ ಅಲ್ಲ, ನಮ್ಮ ಪುರಾಣಗಳ ಕಲ್ಮಾಷಪಾದ, ಬೌದ್ಧ ಕಥೆಗಳ ಮೂಲಕ ಅಲ್ಲಿಗೆ ಹೋದವನು. ಮರದಚ್ಚಿನ ಕಲಾವಿದ ಕುನಿಯೋಶಿ ಅವನ ಚಿತ್ರವನ್ನೂ ಮಾಡಿದ್ದಾನೆ. ಮೂರು ದೇಶದಲ್ಲೂ ಅದೇ ಹಾಡು: ರಾಜ ಕೆಟ್ಟ, ಪಕ್ಕದಲ್ಲಿದ್ದ ಹೆಣ್ಣು ಮನುಷ್ಯಳೇ ಅಲ್ಲ.

ಮೊದಲು ಹೀಗಿರಲಿಲ್ಲ ನೋಡಿ. ಚೀನಾದ ಹಾನ್ ಕಾಲದ ಗೋರಿಗಳ ಕಲ್ಲುಕೆತ್ತನೆಯಲ್ಲಿ ಪಶ್ಚಿಮದ ರಾಣಿಮಾತೆ ಎಂಬ ದೇವತೆಯ ಪಕ್ಕ ಮದ್ದು ಕುಟ್ಟುವ ಮೊಲ, ಮೂರು ಕಾಲಿನ ಕಾಗೆಯ ಜೊತೆ ಒಂಬತ್ತು ಬಾಲದ ನರಿಯೂ ಇರುತ್ತದೆ. ಆಗ ಅದು ಶುಭ.

ಹೊಸಬ: ನನ್ನದು ಸ್ವಲ್ಪ ಬೇರೆ ಪ್ರಶ್ನೆ. ತಾವು ಒಳಗೆ ಮನುಷ್ಯರಲ್ಲ, ನರಿ ಅಥವಾ ತೋಳ ಅಂತ ಹೇಳಿಕೊಳ್ಳುವವರು ಆನ್‌ಲೈನ್‌ನಲ್ಲಿ ಇದ್ದಾರೆ. ನನ್ನ ಗೆಳತಿಯೂ ಒಬ್ಬಳು. ಅವಳು ಇದನ್ನು ಸುಮ್ನೆ ಹೇಳುತ್ತಿಲ್ಲ, ಚಿಕ್ಕಂದಿನಿಂದ ಹಾಗೇ ಅನ್ನಿಸಿದೆಯಂತೆ. ಯೋಶಿತೋಶಿಯ ಈ ಚಿತ್ರ ನೋಡಿ ‘ಇದು ನಾನೇ’ ಅಂದಳು. ಅವಳಿಗೆ ಹಾಗನ್ನುವ ಹಕ್ಕಿದೆಯಾ? ದಯವಿಟ್ಟು ಆಡಿಕೊಳ್ಳಬೇಡಿ.

ಘಟ್ಟದ ಕೆಳಗಿನವ: ಆಡಿಕೊಳ್ಳುವುದಿಲ್ಲ. ಆದರೆ ದಿಕ್ಕು ಉಲ್ಟಾ ಇದೆ ಅಂತ ಹೇಳಲೇಬೇಕು. ಈ ಕಥೆಗಳಲ್ಲಿ ನರಿ ಮನುಷ್ಯನಾಗಲು ಹೊರಡುತ್ತದೆ. ಮನುಷ್ಯರನ್ನು ನರಿ ಅಂದದ್ದು ಅವರನ್ನು ದೂರ ಇಡುವುದಕ್ಕೆ. ಕಾಯಿಲೆ ಬಿದ್ದವರಿಗೆ ‘ನರಿ ಹಿಡಿದಿದೆ’ ಅನ್ನುತ್ತಿದ್ದರು. ಜಪಾನಿನ ಇಜುಮೋ ಕಡೆ ಕೆಲವು ಮನೆತನಗಳಿಗೆ ‘ನರಿ ಸಾಕಿದವರು’ ಅಂತ ಹಣೆಪಟ್ಟಿ ಕಟ್ಟಿ ಹೆಣ್ಣು ಕೊಡುವುದು, ತರುವುದು ನಿಲ್ಲಿಸಿದ್ದರು. 20ನೇ ಶತಮಾನದಲ್ಲೂ ಅದು ಹೋಗಿರಲಿಲ್ಲ. ಆ ಮನೆಯವರ ಎದುರು ನಿಂತು ‘ನಾನೂ ನರಿ’ ಅನ್ನುವುದು ಅಷ್ಟು ಸುಲಭ ಅಲ್ಲ.

ಒಸಾಕಾದಿಂದ: ಕಳಂಕದ ಮಾತು ನಿಜ. ಆದರೆ ಕುಜುನೋಹಾಳ ಮಗ ಯಾರು ಅಂತ ಇಲ್ಲಿ ಯಾರೂ ಹೇಳಲಿಲ್ಲ. ಅಬೆ ನೋ ಸೇಮೇ, ಕ್ಯೋಟೋ ಅರಮನೆಯ ಜ್ಯೋತಿಷಿ, 1005ರಲ್ಲಿ ತೀರಿಕೊಂಡ ಚಾರಿತ್ರಿಕ ವ್ಯಕ್ತಿ. ಅವನಿಗೆ ಅಷ್ಟು ಶಕ್ತಿ ಬಂದದ್ದು ತಾಯಿಯ ನರಿರಕ್ತದಿಂದ ಅಂತ ಜನ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಾರೆ. ಒಂದೇ ನಾಡಲ್ಲಿ ನರಿಯ ನಂಟು ಒಬ್ಬರಿಗೆ ಕಳಂಕ, ಇನ್ನೊಬ್ಬರಿಗೆ ಕಿರೀಟ. ಅರಮನೆಯವನಿಗೆ ಕಿರೀಟ, ಹಳ್ಳಿಯವರಿಗೆ ಕಳಂಕ ಅನ್ನುವುದನ್ನೂ ಗಮನಿಸಿ.

ಸಂಜೆಮಲ್ಲಿಗೆ: ಹೊಸಬ ಅವರೇ, ನಿಮ್ಮ ಗೆಳತಿ ಚಿತ್ರದಲ್ಲಿ ತನ್ನನ್ನು ಕಂಡರೆ ಯಾರ ಅಪ್ಪಣೆಯೂ ಬೇಡ. ಆದರೆ ‘ಜಪಾನಿನವರ ಪ್ರಕಾರ ನಾನು ನರಿ’ ಅಂದರೆ ಅದು ಬೇರೆ ಮಾತು. ಆ ನರಿಗಳ ಸುತ್ತ ಪೂಜೆ ಇದೆ, ಗುಡಿ ಇದೆ. ಟೊಯೊಕಾವಾ ಇನಾರಿ ಎಂಬ ಗುಡಿಯಲ್ಲಿ ಬಿಳಿ ನರಿಯ ಮೇಲೆ ಕೂತಿರುವ ದೇವತೆ ದಾಕಿನಿ, ನಮ್ಮ ಮಸಣದ ಡಾಕಿನಿಯೇ. ಅವಳ ಕಥೆ ಅಲ್ಲಿಗೆ ತಲುಪುವಷ್ಟರಲ್ಲಿ ಎಷ್ಟೋ ಜನರ ಕೈ ದಾಟಿದೆ. ಅದನ್ನೂ ಓದಲಿ.

ಮರದಚ್ಚು: ಘಟ್ಟದ ಕೆಳಗಿನವರಿಗೆ ಒಂದು ಉತ್ತರ ಬಾಕಿ ಇದೆ. ಹೆಸರು ಅವಳದಲ್ಲ, ಮುಖ ಅವಳದಲ್ಲ, ಒಪ್ಪುತ್ತೇನೆ. ಆದರೆ ಗಾಯಕ್ಕೆ ಮದ್ದು ಹಚ್ಚಿದ ಕೈ? ಹಾಲೂಡಿಸಿದ್ದು? ಅದನ್ನು ಅಸಲಿ ಕುಜುನೋಹಾ ಮಾಡಲಿಲ್ಲ. ಪದ್ಯದಲ್ಲೂ ನರಿ ‘ನಾನು ಮೋಸ ಮಾಡಿದೆ’ ಅನ್ನುವುದಿಲ್ಲ. ತನ್ನ ಕಾಡಿನ ವಿಳಾಸ ಕೊಡುತ್ತದೆ, ನೋಡಬೇಕೆನಿಸಿದರೆ ಅಲ್ಲಿಗೆ ಬನ್ನಿ ಅನ್ನುತ್ತದೆ. ಮನುಷ್ಯಳಾಗಿ ಉಳಿಸಿಕೊಳ್ಳಿ ಅಂತ ಬೇಡುವುದಿಲ್ಲ. ನನಗೆ ಅದೇ ಮುಖ್ಯ.

ಘಟ್ಟದ ಕೆಳಗಿನವ: ಹಾಲೂಡಿಸಿದ ಮಾತು ಒಪ್ಪಿದೆ. ಆದರೂ ತನ್ನ ಮುಖವನ್ನೇ ಹೊತ್ತ ಇನ್ನೊಬ್ಬಳು ತನ್ನ ಗಂಡನ ಜೊತೆ ಬಾಳಿದ್ದನ್ನು ಬಾಗಿಲಲ್ಲಿ ನಿಂತು ನೋಡಿದ ಹುಡುಗಿಯ ಚಿತ್ರವನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಅವಳ ಪರವಾಗಿ ನಾನು ಇಲ್ಲಿ ವಾದ ಮಾಡುತ್ತಲೇ ಇರುತ್ತೇನೆ.

ಹೊಸಬ: ಎಲ್ಲರಿಗೂ ಧನ್ಯವಾದ. ಗೆಳತಿಗೆ ಪೂರ್ತಿ ಓದಿಸಿದೆ. ಆ ಶಿನೋದಾ ಕಾಡು ಈಗಲೂ ಇದೆಯಾ ಅಂತ ಕೇಳುತ್ತಿದ್ದಾಳೆ.

ಒಸಾಕಾದಿಂದ: ಒಸಾಕಾದ ಪಕ್ಕದ ಇಜುಮಿ ಊರಿನಲ್ಲಿ ಕುಜುನೋಹಾ ಇನಾರಿ ಗುಡಿ ಇದೆ, ಶಿನೋದಾ ಕಾಡಿನ ಜಾಗ ಅಂತ ಅದನ್ನೇ ತೋರಿಸುತ್ತಾರೆ. ಬರುವುದಾದರೆ ಒಂದು ವಿಷಯ ತಿಳಿದಿರಲಿ. ಇನಾರಿ ಗುಡಿಗಳಲ್ಲಿ ದೇವರು ಇನಾರಿ, ನರಿ ಆ ದೇವರ ದೂತ. ಕೆಂಪು ಬಟ್ಟೆ ಕಟ್ಟಿದ ಕಲ್ಲಿನ ನರಿಗಳ ಬಾಯಲ್ಲಿ ಎಷ್ಟೋ ಕಡೆ ಕಣಜದ ಕೀಲಿಯೋ ಭತ್ತದ ತೆನೆಯೋ ಇರುತ್ತದೆ. ಹತ್ತಿರ ಹೋಗಿ ನೋಡಲಿ.