ಸ್ಕ್ರೀನ್ ಎಷ್ಟು ಬೆಳಗಬೇಕು? ಕಣ್ಣು ಕಾಣದವರು, ಮಬ್ಬು ಕಾಣುವವರ ಕಂಪ್ಯೂಟರ್ ಪ್ರಶ್ನೋತ್ತರ

ಪ್ರಶ್ನೆ (ಸೇಡಂ): ಸರ್, ನಮ್ಮ ತಮ್ಮಗ ಎರಡೂ ಕಣ್ಣು ಕಾಣಂಗಿಲ್ಲ. ಸ್ಕ್ರೀನ್ ಮ್ಯಾಲಿಂದು ಓದಿ ಹೇಳೋ ಎನ್‌ವಿಡಿಎ ತಂತ್ರಾಂಶ ಹಾಕ್ಕೊಂಡು ಲ್ಯಾಪ್‌ಟಾಪ್ ನಡಸ್ತಾನ. ಮೂರು ದಿನ ಆತು, ಸ್ಕ್ರೀನ್ ಪೂರಾ ಕರ್ರಗಾಗ್ಯಾದ, ಮಾತು ಮಾತ್ರ ಬರ್ತದ. ರಿಪೇರಿ ಅಂಗಡ್ಯಾಗ ಪ್ಯಾನೆಲ್ ಬದಲಿ ಮಾಡ್ಬೇಕು ಅಂದ್ರು. ಖರೇನಾ? ಇನ್ನೊಂದು, ಅವಗ ಸ್ಕ್ರೀನ್ ಬೇಕೇ ಇಲ್ಲ. ಬ್ರೈಟ್‌ನೆಸ್ ಸೊನ್ನೆಗೆ ಇಟ್ರ ಬ್ಯಾಟರಿ ಉಳೀತದೇನು? ಇಲ್ಲಿ ಕರೆಂಟ್ ಹೋದ್ರ ತಾಸುಗಟ್ಟಲೆ ಬರಂಗಿಲ್ಲ.

ಉತ್ತರ (ಕಂಪ್ಯೂಟರ್ ತರಬೇತುದಾರ, ಕಲಬುರಗಿ): ಪ್ಯಾನೆಲ್‌ಗೆ ಈಗೇ ರೊಕ್ಕ ಕೊಡಬ್ಯಾಡ್ರಿ ಅಕ್ಕಾರ. ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ, ಕಣ್ಣು ಕಾಣುವವರು ಒಬ್ಬರು ಮುಂದ ಕೂಡ್ರಿ. ಶುರುವಿಗೆ ಕಂಪನಿಯ ಲೋಗೋ ಕಂಡು, ಎನ್‌ವಿಡಿಎ ಮಾತಾಡಾಕ ಹತ್ತಿದ ಮ್ಯಾಲ ಕರ್ರಗಾದ್ರ ಪ್ಯಾನೆಲ್ ಛಲೋ ಅದ. ಅದು ಸ್ಕ್ರೀನ್ ಕರ್ಟನ್, ಮಂದಿಗೆ ಕಾಣದಂಗ ಸ್ಕ್ರೀನ್ ಕಪ್ಪು ಮಾಡೋ ಸೌಲಭ್ಯ. ಎನ್‌ವಿಡಿಎ 2019.3 ಆವೃತ್ತಿಯಿಂದ ಅದರೊಳಗೇ ಬರ್ತದ, ಬ್ಯಾರೆ ಆ್ಯಡ್‌ಆನ್ ಬೇಕಿಲ್ಲ.

ಇನ್ಸರ್ಟ್, ಕಂಟ್ರೋಲ್, ಎಸ್ಕೇಪ್ ಮೂರೂ ಕೂಡೇ ಒತ್ತಿದ್ರ ಕರ್ಟನ್ ತೆಗೀತದ. ಇದೇ ಕೀ ಒಂದು ಸಲ ಒತ್ತಿ ಹಾಕಿದ್ರ ಎನ್‌ವಿಡಿಎ ಮತ್ತ ಶುರು ಆಗೋತನಕ ಮಾತ್ರ ಇರ್ತದ. ಬೆನ್ನಬೆನ್ನಿಗೆ ಎರಡು ಸಲ ಒತ್ತಿದ್ರ ಕಾಯಂ ಕೂಡ್ತದ. ಮೂರು ದಿನದಿಂದ ಹಂಗೇ ಅದ ಅಂದ್ರ ನಿಮ್ಮ ತಮ್ಮ ಎರಡು ಸಲ ಒತ್ತಿರಬೇಕು.

ಲೋಗೋನೂ ಕಾಣ್ಲಿಲ್ಲ ಅಂದ್ರ ಕತ್ತಲ ಕೋಣ್ಯಾಗ ಮೊಬೈಲ್ ಟಾರ್ಚ್ ಓರೆಯಾಗಿ ಸ್ಕ್ರೀನ್ ಮ್ಯಾಲ ಹಿಡೀರಿ. ಮಸಕು ಮಸಕಾಗಿ ಅಕ್ಷರದ ಆಕಾರ ಕಂಡ್ರ ಚಿತ್ರ ಬರ್ತಾ ಅದ, ಸ್ಕ್ರೀನ್ ಹಿಂದಿಂದ ಬರೋ ಬೆಳಕು (ಬ್ಯಾಕ್‌ಲೈಟ್) ಇಲ್ಲ. ಆಗ ಮೊದಲು ಬ್ರೈಟ್‌ನೆಸ್ ಏರಿಸಿ ನೋಡ್ರಿ, ಆಮ್ಯಾಲ ಬ್ಯಾಕ್‌ಲೈಟ್ ತೋರಿಸ್ರಿ. ಏನೂ ಕಾಣದಿದ್ರ ಮಾತ್ರ ಕೇಬಲ್, ಪ್ಯಾನೆಲ್ ಮಾತು.

ಬ್ಯಾಟರಿ ವಿಷಯಕ್ಕ ಬರ್ತೀನಿ. ಇಲ್ಲಿ ಭಾಳ ಮಂದಿ ತಪ್ಪು ತಿಳ್ಕೊಂಡಾರ. ಕರ್ಟನ್ ಚಿತ್ರ ಕಪ್ಪು ಮಾಡ್ತದ, ಎಲ್‌ಸಿಡಿಯ ಹಿಂದಿನ ಬೆಳಕು ಉರೀತಾನೇ ಇರ್ತದ. ಅದರಿಂದ ಬ್ಯಾಟರಿ ಉಳಿಯಂಗಿಲ್ಲ (ಓಎಲ್‌ಇಡಿ ಸ್ಕ್ರೀನ್ ಆದ್ರ ಉಳೀತದ, ಅದರಾಗ ಕಪ್ಪು ಅಂದ್ರ ಆ ಚುಕ್ಕಿಯ ಬೆಳಕೇ ಆರಿದಂಗ). ಬ್ರೈಟ್‌ನೆಸ್ ಸೊನ್ನೆ ಮಾಡಿದ್ರ ಬ್ಯಾಟರಿ ಉಳೀತದ, ಆದ್ರ ಭಾಳಷ್ಟು ಲ್ಯಾಪ್‌ಟಾಪ್‌ನಾಗ ಸೊನ್ನೆಗೂ ಅಕ್ಷರ ಕಾಣ್ತಾವ. ಬಸ್‌ಸ್ಟ್ಯಾಂಡ್‌ನಾಗ ಕೂತು ಬ್ಯಾಂಕ್ ಖಾತೆ ತೆರೆದ್ರ ಮಗ್ಗಲಿನವರು ಓದ್ತಾರ. ಅದಕ್ಕ ಎರಡೂ ಮಾಡ್ರಿ: ಬ್ಯಾಟರಿಗೆ ಬ್ರೈಟ್‌ನೆಸ್, ಗುಟ್ಟಿಗೆ ಕರ್ಟನ್.

ಬ್ರೈಟ್‌ನೆಸ್‌ಗೆ ವಿಂಡೋಸ್ ಕೀ ಸಂಗಟ ಎಕ್ಸ್, ಬಿಟ್ಟು ಬಿ ಒತ್ತಿದ್ರ ಮೊಬಿಲಿಟಿ ಸೆಂಟರ್ ತೆರೀತದ. ಬ್ರೈಟ್‌ನೆಸ್ ಸ್ಲೈಡರ್ ಅಂತ ಕೇಳೋತನಕ ಟ್ಯಾಬ್ ಒತ್ತಿ, ಬಾಣದ ಕೀಲಿಂದ ಸರಿಸ್ರಿ. ಎಷ್ಟು ಇಟ್ಟೀರಿ ಅಂತ ಅಂಕಿ ಕೇಳಸ್ತದ. ಎಫ್‌ಎನ್ ಸಂಗಟ ಒತ್ತೋ ಸೂರ್ಯನ ಗುರುತಿನ ಕೀ ಸಾಮಾನ್ಯವಾಗಿ ಮಾತಾಡಂಗಿಲ್ಲ, ಕೈತಪ್ಪಿ ಒತ್ತಿದ್ದೂ ಗೊತ್ತಾಗಂಗಿಲ್ಲ.

ಚಿತ್ರದಾಗಿನ ಅಕ್ಷರ ಓದಿಸಾಕ ಇನ್ಸರ್ಟ್ ಸಂಗಟ ಆರ್ ಒತ್ತೋ ಮೊದಲು ಕರ್ಟನ್ ತೆಗೀಬೇಕು. ಅದು ಹಾಕಿದಾಗ ಓಸಿಆರ್ ಆಗಂಗಿಲ್ಲ, ಸ್ಕ್ರೀನ್‌ಶಾಟ್‌ನೂ ಬರಂಗಿಲ್ಲ. ಲ್ಯಾಪ್‌ಟಾಪ್ ಅಂಗಡಿಗೆ ಕೊಡೋ ಮುಂದನೂ ಕರ್ಟನ್ ತೆಗೆದು, ಬ್ರೈಟ್‌ನೆಸ್ 60ಕ್ಕ ಇಟ್ಟು ಕೊಡ್ರಿ.

ಪ್ರಶ್ನೆ (ಹುಮನಾಬಾದ್): ಮೇಡಂ, ಮಗಳು ಪಿಯುಸಿ. ಆಕಿಗೆ ಅಲ್ಬಿನಿಸಂ (ಹುಟ್ಟಿನಿಂದ ಚರ್ಮ, ಕೂದಲು, ಕಣ್ಣಿನಾಗ ಬಣ್ಣ ಕಮ್ಮಿ) ಅದ. ಬ್ರೈಟ್‌ನೆಸ್ ಏರಿಸಿದ್ರ ಕಣ್ಣು ಮುಚ್ಚತಾಳ, ಇಳಿಸಿದ್ರ ಅಕ್ಷರ ಕಾಣಂಗಿಲ್ಲ ಅಂತಾಳ. ಎಷ್ಟಕ್ಕ ಇಡಬೇಕು?

ಉತ್ತರ (ಆಪ್ಟೋಮೆಟ್ರಿಸ್ಟ್, ಬೀದರ್): ಎಲ್ಲರಿಗೂ ಹೊಂದುವ ಒಂದು ಅಂಕಿ ಇಲ್ಲ. ಅಲ್ಬಿನಿಸಂ ಇದ್ದವರಿಗೆ ಪಾಪೆಯ ಸುತ್ತಲಿನ ಪೊರೆಯಲ್ಲಿ (ಐರಿಸ್) ಬಣ್ಣ ಕಮ್ಮಿ, ಅದು ಬೆಳಕು ತಡೆಯುವುದು ಕಮ್ಮಿ. ಅವರನ್ನು ಕುಕ್ಕುವುದು ಅಕ್ಷರವಲ್ಲ, ಅಕ್ಷರದ ಸುತ್ತ ಹರಡಿದ ಬಿಳಿ ಬಯಲು. ಮೊದಲು ಆ ಬಿಳಿಯನ್ನು ತೆಗೆಯಿರಿ, ಬ್ರೈಟ್‌ನೆಸ್ ಆಮೇಲೆ.

ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಒತ್ತಿದರೆ ಕಾಂಟ್ರಾಸ್ಟ್ ಥೀಮ್ ಬರುತ್ತದೆ, ಕಪ್ಪು ಹಿನ್ನೆಲೆ, ತಿಳಿ ಅಕ್ಷರ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಹೆಚ್ಚಿಸಿ, 225 ಪ್ರತಿಶತದವರೆಗೆ ಹೋಗುತ್ತದೆ. ಈಗ ಬ್ರೈಟ್‌ನೆಸ್ 50ಕ್ಕೆ ಇಟ್ಟು ಹತ್ತತ್ತರಂತೆ ಇಳಿಸಿ. ಪ್ರತಿ ಸಲ ಹತ್ತು ನಿಮಿಷ ಓದಲಿ, ಕೂಡಲೇ ತೀರ್ಮಾನ ಬೇಡ.

ಕನ್ನಡಕ್ಕೆ ಒಂದು ತೊಡಕಿದೆ. ಕಪ್ಪಿನ ಮೇಲೆ ಅಚ್ಚ ಬಿಳಿ ಅಕ್ಷರದ ಅಂಚು ಕೆಲವರ ಕಣ್ಣಿಗೆ ಹಬ್ಬಿದಂತೆ ಕಾಣುತ್ತದೆ, ಒತ್ತಕ್ಷರ ಕಲೆಸಿ ಹೋಗುತ್ತದೆ. ಪರೀಕ್ಷೆಗೆ ಈ ಸಾಲು ಟೈಪ್ ಮಾಡಿ: ದ ಧ ಡ ಢ ಪ ಫ ಷ ರಾಷ್ಟ್ರ ಜ್ಞಾನ. ಧ, ಢ, ಫಗಳ ಕೆಳಗಿನ ಸೀಳು, ಷದ ಒಳಗಿನ ಗೆರೆ ಬಿಡಿಯಾಗಿ ಕಂಡರೆ ಆ ಬ್ರೈಟ್‌ನೆಸ್ ಅವಳಿಗೆ ಸರಿ. ಕೂಡಿಕೊಂಡರೆ ಥೀಮ್‌ನಲ್ಲಿ ಅಕ್ಷರದ ಬಣ್ಣವನ್ನು ತಿಳಿ ಹಳದಿ ಇಲ್ಲವೇ ಬೂದಿಗೆ ಬದಲಿಸಿ. ಬೆಳಕು ತಾನಾಗಿ ಏರಿಳಿಯುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಬ್ರೈಟ್‌ನೆಸ್ ಅಡಿ ಇರುವ, ತೋರಿಸುತ್ತಿರುವ ಚಿತ್ರಕ್ಕೆ ತಕ್ಕಂತೆ ಬೆಳಕು ಬದಲಿಸುವ ಆಯ್ಕೆಯನ್ನು ಬಂದ್ ಮಾಡಿ.

ಕೂರುವ ಜಾಗವೂ ಅಷ್ಟೇ ಮುಖ್ಯ. ನಮ್ಮ ಕಡೆಯ ಬೇಸಿಗೆ ಬಿಸಿಲು ಸುಣ್ಣದ ಗೋಡೆಗೆ ಬಿದ್ದು ಕೋಣೆಯೆಲ್ಲ ಕುಕ್ಕುತ್ತದೆ. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಮಗ್ಗುಲಿಗೆ ಇರಲಿ. ತೆಳು ಪರದೆ ಎಳೆದುಬಿಡಿ.

ಹಳೆಯ ತೊಂದರೆ ಬೇರೆ, ಹೊಸದು ಬೇರೆ. ದಿಢೀರನೆ ಬೆಳಕು ತಾಳದಂತಾಗಿ, ಕಣ್ಣು ಕೆಂಪಾಗಿ ನೋವಾದರೆ ಸೆಟ್ಟಿಂಗ್ ಹುಡುಕುತ್ತ ಕೂರಬೇಡಿ. ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ತರಬೇತುದಾರ: ಮೇಡಂ ಹೇಳಿದ್ದಕ್ಕ ಒಂದು ಸೇರಸ್ತೀನಿ. ಕೆಲವು ಸ್ಕ್ರೀನ್‌ನ ಬೆಳಕು ಕಮ್ಮಿ ಬ್ರೈಟ್‌ನೆಸ್‌ನಾಗ ಜೋರಾಗಿ ಆರಿ ಹತ್ತತಿರ್ತದ. ಬರಿಗಣ್ಣಿಗೆ ತಿಳಿಯಂಗಿಲ್ಲ, ಆದ್ರ ತಲೆನೋವು ಬರಬಹುದು. ಆಕಿಗೆ 20ರ ಕೆಳಗ ತಲೆ ನೋಯ್ತದ ಅಂದ್ರ 40ಕ್ಕ ಏರಿಸಿ, ಕಪ್ಪು ಥೀಮ್‌ನಿಂದಲೇ ಬೆಳಕು ತಗ್ಗಿಸ್ರಿ.

ಪ್ರಶ್ನೆ (ಶಹಾಪುರ): ನಂದು ಡೆಸ್ಕ್‌ಟಾಪ್ ಸರ್. ಸೆಟ್ಟಿಂಗ್ಸ್‌ನಾಗ ಬ್ರೈಟ್‌ನೆಸ್ ಸ್ಲೈಡರ್ ಇಲ್ಲೇ ಇಲ್ಲ.

ತರಬೇತುದಾರ: ಡೆಸ್ಕ್‌ಟಾಪ್‌ಗೆ ಇರಂಗಿಲ್ರಿ, ಬೆಳಕು ಮಾನಿಟರ್ ಕೈಯಾಗ ಅದ. ಅದರ ಬಟನ್ ಮೆನು ಮಾತಾಡಂಗಿಲ್ಲ. ಕಣ್ಣು ಕಾಣುವವರ ಕಡಿಂದ ಒಂದೇ ಸಲ ಆ ಮೆನುವಿನಾಗ ಡಿಡಿಸಿ/ಸಿಐ ಅನ್ನೋದು (ಕಂಪ್ಯೂಟರ್ ಕೇಬಲ್‌ನಿಂದ ಮಾನಿಟರ್‌ಗೆ ಸಂದೇಶ ಕಳಿಸೋ ವ್ಯವಸ್ಥೆ) ಆನ್ ಮಾಡಿಸ್ರಿ. ಆಮ್ಯಾಲ ಟ್ವಿಂಕಲ್ ಟ್ರೇ ಅನ್ನೋ ಉಚಿತ ತಂತ್ರಾಂಶ ಹಾಕಿದ್ರ ಕೀಬೋರ್ಡ್‌ನಿಂದಲೇ ಏರಿಸಿ ಇಳಿಸಬಹುದು. ನಡುವ ಅಗ್ಗದ ಎಚ್‌ಡಿಎಂಐ-ವಿಜಿಎ ಕನೆಕ್ಟರ್ ಇದ್ರ ಎಷ್ಟೋ ಸಲ ಆ ಸಂದೇಶ ದಾಟಂಗಿಲ್ಲ, ನೇರ ಕೇಬಲ್ ಹಚ್ಚಿ ನೋಡ್ರಿ.

ಲ್ಯಾಪ್‌ಟಾಪ್‌ನಾಗ ಸ್ಲೈಡರ್ ಮಾಯ ಆಗಿದ್ರ ಅದು ಬ್ಯಾರೆ ಕಾರಣ. ವಿಂಡೋಸ್ ಕೀ ಸಂಗಟ ಎಕ್ಸ್, ಬಿಟ್ಟು ಎಂ ಒತ್ತಿ, ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು ನೋಡ್ರಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಓದಿದ್ರ ಗ್ರಾಫಿಕ್ಸ್ ಡ್ರೈವರ್ ಇಲ್ಲ ಅಂತ ಅರ್ಥ. ನಿಮ್ಮ ಮಾಡೆಲ್‌ನ ಡ್ರೈವರ್ ಹಾಕಿ ಮತ್ತ ಚಾಲೂ ಮಾಡಿದ್ರ ಸ್ಲೈಡರ್ ಬರ್ತದ.