ಬೈಕ್ ಮ್ಯಾಲೆ ಪರದೇಶ: ಸಿಮ್, ಒಟಿಪಿ, ಚಾರ್ಜಿಂಗ್ ಹ್ಯಾಂಗ?

ಬೀದರ್ ಸವಾರ: ನೇಪಾಳ ನೋಡ್ಕೊಂಡು, ಆಮ್ಯಾಲೆ ಬೈಕ್ ಹಡಗಿನ್ಯಾಗ ಕಳಿಸಿ ಟರ್ಕಿ ತಿರುಗೋದದ. ಬ್ಯಾಂಕಿನ ಒಟಿಪಿ ಇಲ್ಲಿ ನಂಬರಿಗೇ ಬರ್ತದ. ಡೇಟಾಕ್ಕ ಏನ್ ಮಾಡಬೇಕ್ರಿ? ಚಾರ್ಜಿಂಗೂ ಹೇಳ್ರಿ.

ಹುಮನಾಬಾದ್ ಕ್ರಾಸ್: ಊರು ಬಿಡೂಕಿಂತ ಮೊದಲೇ ಇಲ್ಲಿ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸ್ರಿ, ಗಡಿ ದಾಟಿದ ಮ್ಯಾಲೆ ಪರದಾಟ. ಆ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಬಂದ್ ಇರಲಿ, ಒಟಿಪಿಗೆ ಡೇಟಾ ಬೇಕಿಲ್ಲ. ಇಂಟರ್ನೆಟ್ಟಿಗೆ ಆ ದೇಶದ ಇ-ಸಿಮ್ (ಕಾರ್ಡ್ ಇಲ್ದ, ಫೋನಿನ್ಯಾಗೇ ಇಳಿಸಿಕೊಳ್ಳೋ ಸಿಮ್) ಹಾಕ್ರಿ. *#06# ಒತ್ತಿದಾಗ ಇಐಡಿ (ಇ-ಸಿಮ್ ಚಿಪ್ಪಿನ ಗುರುತಿನ ನಂಬರ್) ಕಂಡ್ರ ನಿಮ್ಮ ಫೋನಿಗೆ ಇ-ಸಿಮ್ ನಡೀತದ. ವಾಟ್ಸಾಪ್ 'ನಂಬರ್ ಬದಲಿಸಲೇ' ಅಂತ ಕೇಳಿದ್ರ ಬ್ಯಾಡ ಅನ್ರಿ, ಹಳೇ ನಂಬರಿನ ಮ್ಯಾಲೇ ನಡೀತದ.

ಶಹಾಬಾದ್ ವೈರಿಂಗ್: ಯುಎಸ್‌ಬಿ ಚಾರ್ಜರ್ ನೇರ ಬ್ಯಾಟರಿಗೆ ಕಟ್ಟಿದ್ರ ಬೈಕ್ ನಿಂತಾಗೂ ಕರೆಂಟ್ ಎಳೀತದ. ಇಗ್ನಿಷನ್ ವೈರಿನಿಂದ ರಿಲೇ (ಕೀಲಿ ತಿರುವಿದಾಗಷ್ಟೇ ಕರೆಂಟ್ ಬಿಡೋ ಸ್ವಿಚ್) ಹಾಕ್ರಿ, ಬ್ಯಾಟರಿ ಪ್ಲಸ್ಸಿನ ಹತ್ರಾನೇ 5 ಆಂಪ್ ಫ್ಯೂಸ್. 15 ವ್ಯಾಟ್ ಚಾರ್ಜರ್ 12 ವೋಲ್ಟಿನ್ಯಾಗ ಒಂದೂವರೆ ಆಂಪ್ ಆಸುಪಾಸು ತಗೋತದ, ಸಾಕು. ಹ್ಯಾಂಡಲ್ ಮೌಂಟಿಗೆ ವೈಬ್ರೇಷನ್ ಡ್ಯಾಂಪರ್ (ನಡುಕ ಹೀರೋ ಭಾಗ) ಬೇಕೇ ಬೇಕು. ನಡುಕಕ್ಕ ಫೋನ್ ಕ್ಯಾಮೆರಾದ ಸ್ಟೆಬಿಲೈಸರ್ (ಫೋಟೋ ಅಲುಗದಂಗ ಹಿಡಿಯೋ ಭಾಗ) ಹಾಳಾಗಬಹುದು, ಆಪಲ್ಲೇ 2021ರಾಗ ಎಚ್ಚರಿಸ್ಯದ. ಕಲಬುರಗಿ ಮೇ ಬಿಸಲಾಗ ಒಂದ್ಸಲ ಪರೀಕ್ಷಾ ಮಾಡ್ರಿ: ಕಾದ ಫೋನು ಚಾರ್ಜಿಂಗ್ ತಾನೇ ನಿಲ್ಲಿಸ್ತದ.

ಯಾದಗಿರಿ ಟೂರರ್: ಒಂದ್ ಬಿಟ್ಟೀರಿ. ಟರ್ಕಿ ಸಿಮ್ ಹಾಕಿದ ಹೊರಗಿನ ಫೋನು ನೋಂದಣಿ ಇಲ್ದಿದ್ರ 120 ದಿನಕ್ಕ ಬಂದ್ ಆಗ್ತದ. ಆಮ್ಯಾಲೆ ಬ್ಯಾರೆ ಟರ್ಕಿ ಸಿಮ್ ಹಾಕಿದ್ರೂ ಉಪಯೋಗಿಲ್ಲ, ತಡೆ ಬೀಳೋದು ಐಎಂಇಐಗೆ (ಫೋನಿನ ಗುರುತಿನ ನಂಬರ್). ಇನ್ನ ಸ್ಯಾಟಲೈಟ್ ಫೋನು: ತುರಾಯಾ, ಇರಿಡಿಯಂ ಕಂಪನಿ ಫೋನು ಪರವಾನಗಿ ಇಲ್ದ ಭಾರತದಾಗ ತರೋದು ಅಪರಾಧ. ವಾಪಸ್ ಬರೂವಾಗ ಚೀಲದಾಗ ಇರಬಾರದ್ರೀ.